ಯಾವ ದೇವರಿಗೂ ಅಲ್ಲದ ಮುಡಿ

ತೊಂಬತ್ತರ ದಶಕದ ಕೊನೆ. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುತ್ತಿದ್ದ ನಮ್ಮ ಬಸ್ಸು, ಬಿ.ಜಿ. ಕೆರೆ ಹತ್ತಿರ ಕುರಿಮಂದೆ ಅಡ್ಡ ಬಂತೆಂದು ಗಕ್ಕನೆ ನಿಂತಿತು. ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದ ನನ್ನ ತಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಹೋಗಿ ಬಂತು. ಕುರಿಗಳಿಗೆ ಏನೂ ಆಗಲಿಲ್ಲ. ಬಸ್ಸಿನಲ್ಲಿ ಎಚ್ಚರವಿದ್ದವರಿಗೂ ಏನೂ ಆಗಲಿಲ್ಲ.

ಮಾರನೇ ದಿನದಿಂದ ಕತ್ತು ನನ್ನ ಮಾತು ಕೇಳಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಸರಿಯಾಗಿದೆ, ಹದಿನೈದು ದಿನದಲ್ಲಿ ವಾಸಿಯಾಗುತ್ತದೆ ಎಂದರು. ಆರು ತಿಂಗಳಾದರೂ ಅಂಗಿಯ ಕಾಲರ್ ತಾಗಿದರೆ ಜೀವ ಹೋದಂತಾಗುತ್ತಿತ್ತು. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದೆ. ನಮ್ಮ ಶೇಂಗಾ ಮಂಡಿಯ ಹಮಾಲರು, "ಚಿಕ್ಕ ಸಾಹುಕಾರ್ರಿಗೆ ಸೊಕ್ಕು ಬಂದೈತೆ" ಎಂದರು. ಅಣ್ಣನಂತೂ, "ಲೇ, ಕೆಲ್ಸ ಹೇಳ್ದಾಗ ಮಾತ್ರ ನೋಯ್ತೈತಲ್ಲ ನಿಂಗೆ" ಎಂದ. ನಾನೇ ನಾಟಕ ಆಡುತ್ತಿದ್ದೇನೆಯೇ ಎಂದು ನನಗೂ ಅನುಮಾನ ಬಂತು.

ಇನ್ನು ಕ್ಷೌರ. ನಮ್ಮ ಕ್ಷೌರದಂಗಡಿಯವರು ಕೊನೆಗೆ ಗದ್ದ ಹಿಡಿದು, ಕತ್ತನ್ನು ಲಟಕ್ಕೆನಿಸಿ ನೆಟಿಕೆ ತೆಗೆಯದೆ ಗಿರಾಕಿಯನ್ನು ಎಬ್ಬಿಸುವವರಲ್ಲ. ಬೇಡ ಎಂದರೆ ಮುನಿಸು. ಪುಕ್ಕಲನಾದ ನಾನು ಆ ಬೀದಿಯನ್ನೇ ಬಿಟ್ಟೆ. ಕೂದಲು ಕಿವಿ ದಾಟಿ ಭುಜ ಮುಟ್ಟಿತು. ಒಂದು ದಿನ ಮಂಡಿಗೆ ಬಂದ ರೈತರೊಬ್ಬರು, "ಯಾವ ದೇವ್ರಿಗೆ ಮುಡಿ ಬಿಟ್ಟೀರಿ?" ಎಂದು ಕೈಮುಗಿದು ಕೇಳಿದರು. "ಜಟಿಂಗ ರಾಮೇಶ್ವರನಿಗೆ" ಎಂದುಬಿಟ್ಟೆ.

ಅಲ್ಲಿಂದ ನನ್ನ ದೆಸೆ ತಿರುಗಿತು. ನೋವಿಗೆ ಸಿಗದ ಮರ್ಯಾದೆ ಕೂದಲಿಗೆ ಸಿಕ್ಕಿತು. ಹರಕೆ ಹೊತ್ತವನೆಂದು ಅಣ್ಣನೂ ಸುಮ್ಮನಾದ. ಎರಡು ವರ್ಷ ದೇವರ ಹೆಸರಲ್ಲಿ ಹಾಯಾಗಿದ್ದೆ. ಆದರೆ ಮುಡಿ ಕೊಡಲು ಅವ್ವ ಒಂದು ಸೋಮವಾರ ಗೊತ್ತುಮಾಡಿಯೇ ಬಿಟ್ಟಳು.

ಮೊಣಕಾಲು ನೋವಿನ ಅವ್ವ ಪ್ರತಿ ಮೆಟ್ಟಿಲಿಗೂ ಶಿವಶಿವ ಎನ್ನುತ್ತಾ ರಾಮೇಶ್ವರನ ಬೆಟ್ಟ ಹತ್ತುವುದನ್ನು ನೋಡಲಾಗಲಿಲ್ಲ. ಅರ್ಧ ದಾರಿಯಲ್ಲಿ ಕೂತು ಹೇಳಿದೆ: "ಅವ್ವಾ, ನಾನು ಯಾವ ಹರಕೇನೂ ಹೊತ್ತಿಲ್ಲ. ಕತ್ತು ಮುಟ್ಟಿಸ್ಕೊಳ್ಳೋಕೆ ಹೆದರಿಕೆ, ಅಷ್ಟೇ."

ಬೈಗುಳಕ್ಕೆ ಕಾದೆ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು, "ಇನ್ನೂ ಅಷ್ಟು ನೋಯ್ತೈತಾ?"

ಹಾಗೆ ಯಾರೂ ಕೇಳಿರಲಿಲ್ಲ. ಮೀಸೆ ಹೊತ್ತ ಗಂಡಸಾದ ನಾನು ಮೆಟ್ಟಿಲ ಮೇಲೆ ಕೂತು ಹೋ ಎಂದು ಅತ್ತೆ. ಮೇಲಿಂದ ಇಳಿಯುತ್ತಿದ್ದವರು ಭಕ್ತಿ ಉಕ್ಕಿತೆಂದುಕೊಂಡು ನನಗೂ ಕೈಮುಗಿದು ಹೋದರು.

"ಹಂಗಾದ್ರೆ ಆ ಹರಕೆ ಈಗ ನಾನು ಹೊತ್ಕೊಂಡೆ. ಏಳು" ಎಂದಳು ಅವ್ವ.

ಮೇಲೆ ಕ್ಷೌರಿಕರು, "ತಲೆ ಬಗ್ಗಿಸ್ರಿ" ಎಂದರು. ಬಗ್ಗಲಿಲ್ಲ. ಅವ್ವ ನನ್ನೆದುರು ಕೂತು ಎರಡೂ ಅಂಗೈಯಲ್ಲಿ ನನ್ನ ಹಣೆ ಹಿಡಿದಳು. ಅವಳ ಕೈಮೇಲೆ ಭಾರ ಬಿಟ್ಟೆ, ತಲೆ ಮೆಲ್ಲಗೆ ಇಳಿಯಿತು. ಕತ್ತಿ ಹಿಂದಲೆಯ ಕೆಳಗೆ ಬಂದಾಗ ಬೆಚ್ಚಿದೆ. "ಅಲ್ಲಿ ಬಿಡಪ್ಪಾ, ನನ್ ಮಗಂಗೆ ಅಲ್ಲಿ ನೋಯ್ತೈತೆ" ಎಂದಳು.

ಕತ್ತು ಸಲೀಸಾಗಿ ತಿರುಗಲು ಇನ್ನೂ ಮೂರು ವರ್ಷ ಹಿಡಿಯಿತು. ಆದರೆ ಆ ಸಂಜೆ ನುಣ್ಣನೆಯ ಬೋಳುತಲೆಯಲ್ಲಿ, ಕತ್ತಿನ ಬಳಿ ಮಾತ್ರ ಒಂದು ಹಿಡಿ ಕೂದಲು ಉಳಿಸಿಕೊಂಡು ಊರಿಗೆ ಬಂದೆ. ಎಲ್ಲಿ ನೋಯುತ್ತದೆಂದು ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ.