ಮಂತ್ರ ತಟ್ಟದವಳ ಗಾಯ

ಎಪ್ಪತ್ತರ ದಶಕದ ಕೊನೆ. ವಿಜಾಪುರದಲ್ಲಿ ಕಾಲೇಜು ಓದುತ್ತಿದ್ದ ನಾವು ಮೂವರು ಹುಡುಗಿಯರು ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಹಡಗಿನ ಕೆಲಸದಲ್ಲಿದ್ದ ನನ್ನ ಸೋದರಮಾವ ಇಂಗ್ಲಿಷಿನ ಆಟದ ಪುಸ್ತಕವೊಂದನ್ನು ತಂದುಕೊಟ್ಟಿದ್ದ. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಕಥೆ ನಡೆಸುವವಳು ನಾನು. ಟಿಕೋಟಾದ ಗೆಳತಿ ಮಂತ್ರ ಹಾಕಿ ಗಾಯ ಮಾಯಿಸುವವಳು. ಬಬಲೇಶ್ವರದವಳು ಯಾವ ಮಂತ್ರವೂ ತಟ್ಟದ ಕತ್ತಿಯವಳು.

ಒಂದು ಶನಿವಾರ ಆಟದೊಳಗಿನ ಕಾಡಿನಲ್ಲಿ ಕತ್ತಿಯವಳ ಹೊಟ್ಟೆಗೆ ಈಟಿ ತಿವಿಯಿತು. ಟಿಕೋಟಾದವಳು ಕೂಡಲೇ ಮಂತ್ರ ಹಾಕಿದಳು. ನಾನು ತಡೆದೆ.

"ಅಕಿಗೆ ಮಂತ್ರ ತಟ್ಟಂಗಿಲ್ಲ. ವಾಸಿ ಮಾಡೋದೂ ಮಂತ್ರನ ಅಲ್ಲೇನು?"

"ಕೆಟ್ಟ ಮಂತ್ರ ಅಷ್ಟ ತಟ್ಟಂಗಿಲ್ಲ ಬೇ!"

"ಹಂಗಂತ ಎಲ್ಲಿ ಬರದೈತಿ?"

ಪುಸ್ತಕವನ್ನೆಲ್ಲ ತಿರುವಿದೆವು, ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಬಲೇಶ್ವರದವಳು ಚೀಲ ಹೆಗಲಿಗೇರಿಸಿ ಊರಿನ ಬಸ್ಸು ಹತ್ತಿದಳು.

ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ನನಗೆ ಪಾಠ ತಲೆಗೆ ಹತ್ತಲಿಲ್ಲ, ರೊಟ್ಟಿ ಹೆಂಚಿನ ಮೇಲೆಯೇ ಕರಕಾಯಿತು. ಒಳ್ಳೆಯ ಮಂತ್ರ ಯಾವುದು, ಕೆಟ್ಟದ್ದು ಯಾವುದು ಎಂದು ತೂಗುವವರು ಯಾರು? ತಟ್ಟುವುದಿಲ್ಲ ಎಂದರೆ ಅವಳನ್ನು ಸಾಯಿಸಿದವಳು ನಾನೇ. "ಆಟದ ಸಲುವಾಗಿ ಯಾರರ ಕಾಲೇಜು ಬಿಡ್ತಾರೇನು?" ಎಂದ ಟಿಕೋಟಾದವಳೂ ಮತ್ತೆ ಮತ್ತೆ ಕಿಟಕಿಗೆ ಹೋಗಿ ಬೀದಿ ನೋಡುತ್ತಿದ್ದಳು. ಬುಧವಾರ ಇಬ್ಬರೂ ಬಬಲೇಶ್ವರಕ್ಕೆ ಹೋದೆವು.

ಅವಳು ಪಡಸಾಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. "ಸಿಟ್ಟಿಲ್ಲ ಬೇ. ಅವ್ವನ ಕಾಲು ಉಳಕೈತಿ, ಮನ್ಯಾಗ ಅಡಿಗಿ ಮಾಡೋರಿಲ್ಲ" ಎಂದವಳು ದನಿ ತಗ್ಗಿಸಿ ಕೇಳಿದಳು: "ಅದಿರಲಿ, ನಾ ಸತ್ತೀನೋ ಬದುಕೀನೋ?"

ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ತೀರ್ಪು ಹೇಳಿದೆ. "ಮಂತ್ರ ತಡಿಯೋ ಶಕ್ತಿ ನಿಂದು. ಬೇಕಂದ್ರ ಒಂದ ಗಳಿಗಿ ಬಿಡು. ಆದ್ರ ಬಿಟ್ಟಾಗ ವೈರಿ ಮಾಂತ್ರಿಕನ ಮಂತ್ರನೂ ತಟ್ಟತೈತಿ."

ಅವಳ ಕೈ ನಿಂತಿತು.

"ಬಿಡಂಗಿಲ್ಲ. ಆ ಕಾಡಿನ್ಯಾಗ ಅರಿಷಿಣ ಸಿಗಂಗಿಲ್ಲೇನು? ಅರದು ಹಚ್ಚಿ ಪಟ್ಟಿ ಕಟ್ರಿ."

ನಮ್ಮಿಬ್ಬರಿಗೂ ಇದು ಹೊಳೆದೇ ಇರಲಿಲ್ಲ. ಅಲ್ಲೇ ದಾಳ ಹಾಕಿಸಿದೆ. ಕತ್ತಿಯವಳು ಬದುಕಿದಳು, ಆದರೆ ನಡೆಯುವ ಹಾಗಿರಲಿಲ್ಲ.

"ನಾ ಹೊತ್ಕೊಂಡ ಹೋಗತೀನಿ ತಗೋ" ಎಂದಳು ಟಿಕೋಟಾದವಳು.

ರೊಟ್ಟಿ ಬಡಿದುಕೊಟ್ಟು ಸಂಜೆಯ ಬಸ್ಸು ಹಿಡಿದೆವು. ಬಬಲೇಶ್ವರದವಳು ಮುಂದಿನ ವಾರ ಬರುತ್ತೇನೆಂದಳು, ಬಂದಳು ಕೂಡ. ಆದರೆ ಅವತ್ತು ಬಸ್ಸು ಸಾರವಾಡ ದಾಟುವಾಗಲೇ ಟಿಕೋಟಾದವಳು ನನ್ನ ಮೊಣಕೈ ತಿವಿದಳು.

"ಅಲ್ಲ, ಅಕಿ ಎಚ್ಚರ ತಪ್ಪಿದ್ದಳಂದ್ರ, ಶಕ್ತಿ ಬಿಡೋರು ಯಾರು?"

ನಾನು ಚೀಲದಿಂದ ಪುಸ್ತಕ ತೆಗೆದು ಮತ್ತೆ ಮೊದಲ ಪುಟದಿಂದ ತಿರುವತೊಡಗಿದೆ.