ಕದರಪ್ಪನ ದಾಯಾದಿ

ಕೊಳಾಲದ ಸುತ್ತಮುತ್ತ ಹುಣಸೆಮರ ಹತ್ತುವವರು ಇನ್ನೂ ಇದ್ದಾರೆ. ಆದರೆ ಕದರಪ್ಪ ಹತ್ತುವ ಚೆಂದವೇ ಬೇರೆ. ಕೊಂಬೆಗೆ ಕಾಲಿಡುವ ಮೊದಲು ಸೊಂಟಕ್ಕೆ ಸಿಕ್ಕಿಸಿಕೊಂಡ ಗಿಡ್ಡ ಕೋಲಿನಿಂದ ಟಕಟಕ ಎಂದು ತಟ್ಟಿ, ಕಿವಿಗೊಟ್ಟು ಕೇಳುತ್ತಾನೆ. ಗಟ್ಟಿ ಸದ್ದು ಬಂದರೆ ಮುಂದಕ್ಕೆ, ಟೊಳ್ಳು ಸದ್ದು ಬಂದರೆ ಹಿಂದಕ್ಕೆ. ಪ್ರಾಯದಲ್ಲಿ ಒಮ್ಮೆ ತಟ್ಟದೆ ಹತ್ತಿ, ಕೊಂಬೆ ಮುರಿದು ಬಿದ್ದು, ಎಡಗಾಲು ಸೊಟ್ಟಗೆ ಕೂಡಿಕೊಂಡಿತ್ತು. ಅವತ್ತಿನಿಂದ ಕೋಲಿಲ್ಲದೆ ಮರ ಮುಟ್ಟಿದವನಲ್ಲ.

ಈ ಸಲ ಶಿವರಾತ್ರಿ ಕಳೆದ ಮೇಲೆ ಕಾಡಂಚಿನ ಹೊಲದ ಹಳೇ ಹುಣಸೆಮರಕ್ಕೆ ಹೋದ. ಫಲವನ್ನು ಗುತ್ತಿಗೆ ಹಿಡಿದಿದ್ದ ರೇಣುಕಯ್ಯ ನೆರಳಲ್ಲಿ ನಿಂತಿದ್ದ. ಕದರಪ್ಪನ ಹೆಂಡತಿ ಗಂಗಲಕ್ಷ್ಮಿ ಕೆಳಗೆ ಟಾರ್ಪಾಲು ಹಾಸುತ್ತಿದ್ದಳು. ಕದರಪ್ಪ ಮೊದಲ ಕವಲಿಗೇರಿ ತಟ್ಟಿದನೋ ಇಲ್ಲವೋ, ಎಲ್ಲಿತ್ತೋ ಏನೋ, ಕೆಂಪು ಜುಟ್ಟಿನ, ಹೊನ್ನಿನ ಬಣ್ಣದ ಬೆನ್ನಿನ ಮರಕುಟಿಗವೊಂದು ಕಿರುಚಿಕೊಂಡು ಬಂದು ಅವನ ಮುಖದೆದುರೇ ಅಂಟಿಕೊಂಡಿತು. ಕಾಲಿನ ಎರಡು ಬೆರಳು ಮುಂದೆ, ಎರಡು ಹಿಂದೆ. ಗಡುಸು ಬಾಲವನ್ನು ಊರುಗೋಲಿನಂತೆ ಒತ್ತಿ ನಿಂತು, ಜುಟ್ಟು ನಿಗುರಿಸಿ, ಡರ್ರನೆ ಮರ ಬಾರಿಸಿತು.

ಗಂಗಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. "ಅಗೋ, ನಿನ್ ದಾಯಾದಿ ಬಂದವ್ನೆ! ಮರ ನಂದು, ಇಳಿಯೋ ಅಂತಾವ್ನೆ!"

ನಿಜವೂ ಅದೇ. ಆ ಹಕ್ಕಿ ಮರ ಕುಟ್ಟುವುದು ಇರುವೆ, ಹುಳುಗಳಿಗಾಗಿ ಮಾತ್ರವಲ್ಲ; ಇದು ನನ್ನ ಜಾಗ ಎಂದು ಸಾರುವುದಕ್ಕೂ ಹೌದು. ಕದರಪ್ಪನ ಕೋಲಿನ ಸದ್ದು ಅದಕ್ಕೆ ಇನ್ನೊಂದು ಗಂಡು ಜಗಳಕ್ಕೆ ಬಂದಂತೆ ಕೇಳಿಸಿತ್ತು.

ಅಷ್ಟರಲ್ಲಿ ಮೇಲಿನ ಒಣಕೊಂಬೆಯ ತೂತಿನ ಬಾಯಿಗೆ ಎರಡು ಗೊರವಂಕಗಳು ಬಂದು ಇಣುಕಿದವು. ತಾವಾಗಿ ಕೊರೆಯಲಾರದ ಗೊರವಂಕಗಳಿಗೆ ಮರಕುಟಿಗ ಕೊರೆದ ಮನೆಯ ಮೇಲೆ ಕಣ್ಣು. ಕಾವಲು ತಪ್ಪಿದರೆ ಮೊಟ್ಟೆ ಎತ್ತಿ ಬಿಸಾಡುತ್ತವೆ. ಮರಕುಟಿಗ ಹಾರಿಹೋಗಿ ಅವನ್ನು ಅಟ್ಟಿತು. ಕದರಪ್ಪ ಮತ್ತೆ ತಟ್ಟಿದ. ಅದು ಮತ್ತೆ ಇವನ ಮೇಲೆ ಬಂತು, ಗೊರವಂಕಗಳು ಮತ್ತೆ ತೂತಿಗೆ ಎರಗಿದವು.

ಕದರಪ್ಪ ಇಳಿದುಬಂದ.

"ರೇಣುಕಯ್ಯನೋರೆ, ಈ ಮರ ಸ್ವಲ್ಪ ದಿನ ಬುಡಿ. ಮ್ಯಾಲೆ ಬಾಣಂತನ ನಡೀತೈತೆ."

"ಬಾಣಂತನ ಮುಗ್ಸಿ ನಾಮಕರಣಕ್ಕೂ ನಾನೇ ಕಾಯ್ಲಾ? ಮಳೆ ಬಿದ್ರೆ ಹಣ್ಣು ಕೆಟ್ಟೋಯ್ತದೆ ಕಣಯ್ಯ. ಆಗಲ್ಲ ಅಂದ್ರೆ ಯೋಳು, ಫೋನ್ ಮಾಡಿ ಬ್ಯಾರೆಯೋರ್ನ ಕರೀತೀನಿ. ಅವ್ರು ಆ ಒಣಕೊಂಬೆ ಕಡಿದಾಕಿ ಹತ್ತೋದು."

ಕದರಪ್ಪ ಮೇಲಿನ ತೂತಿನ ಕಡೆ ನೋಡಿದ. ಆಮೇಲೆ ಸೊಂಟದ ಕೋಲು ತೆಗೆದು ಹೆಂಡತಿಯ ಕೈಗಿತ್ತ. ಅವಳ ನಗು ಅಲ್ಲಿಗೇ ನಿಂತಿತು.

"ತಟ್ಟದೆ ಹತ್ತುತೀಯಾ? ಒಂದ್ ಕಾಲು ಆಗ್ಲೇ ಕೊಟ್ಟಿದೀಯಲ್ಲ, ಸಾಲ್ದಾ?"

"ಸುಮ್ಕಿರೇ ಗಂಗಿ, ಇನ್ನೊಂದೈತಲ್ಲ."

ಹತ್ತಿದ. ಕೈ ಮೇಲಿನ ಕೊಂಬೆ ಬಿಡುವಂತಿಲ್ಲ, ಕಾಲಿನ ಭಾರ ಒಮ್ಮೆಗೇ ಇಳಿಸುವಂತಿಲ್ಲ. ಇಷ್ಟಿಷ್ಟೇ ಭಾರ ಕೊಟ್ಟು, ಕಾದು, ಆಮೇಲೆ ಹೆಜ್ಜೆ. ಹಣ್ಣನ್ನೂ ಕೋಲಲ್ಲಿ ಬಡಿಯದೆ ರೆಂಬೆ ಅಲುಗಿಸಿಯೇ ಉದುರಿಸಿದ. ಒಂದು ಕಡೆ ಕಾಲಡಿ ಚಟ್ ಎಂದಿತು. ಗಂಗಲಕ್ಷ್ಮಿ ಕೋಲನ್ನು ಎದೆಗೆ ಅವುಚಿಕೊಂಡಳು. ಕದರಪ್ಪ ತೋಳಲ್ಲೇ ಜೋತು ಬಿದ್ದು, ಪಕ್ಕದ ಕವಲಿಗೆ ಸರಿದುಕೊಂಡ.

ಅಷ್ಟಾದರೂ ಆ ಹಕ್ಕಿ ಮೇಲೆ ಬೀಳಲಿಲ್ಲ. ತೂತಿನಿಂದ ಕತ್ತು ಹೊರಹಾಕಿ ಇವನನ್ನೇ ನೋಡುತ್ತಿತ್ತು. ನಡುವೆ ಹಣೆಯ ಮೇಲೆ ಬಿಳಿ ಚುಕ್ಕೆಗಳ ಹೆಣ್ಣು ಬಂತು. ಗಂಡು ಎದ್ದು ಹೋಯಿತು, ಹೆಣ್ಣು ಒಳಗೆ ಕಾವಿಗೆ ಕೂತಿತು.

ಹೊತ್ತು ಮುಳುಗುವಾಗ ಎದೆ, ಮೊಳಕೈ ಎಲ್ಲ ತರಚಿಸಿಕೊಂಡು ಕದರಪ್ಪ ಇಳಿದ. ಹಣ್ಣೆಲ್ಲ ಕೆಳಗಿತ್ತು, ಒಣಕೊಂಬೆ ಮೇಲಿತ್ತು.

ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮೇಲೆ ಗಂಡಹೆಂಡಿರು ಆ ದಾರಿಯಲ್ಲಿ ಬಂದರು. ತೂತು ಬರಿದಾಗಿತ್ತು. ಕದರಪ್ಪ ಮನಸ್ಸು ತಡೆಯದೆ ಬೊಡ್ಡೆಗೆ ಕೋಲಿನಿಂದ ಟಕಟಕ ಎನ್ನಿಸಿದ. ಕಾಡಿನ ಕಡೆಯಿಂದ ಅದೇ ಗಂಡು ಕಿರುಚಿಕೊಂಡು ಹಾರಿಬಂತು. ಹಿಂದೆಯೇ ಮಸುಕು ಬಣ್ಣದ ಎರಡು ಮರಿಗಳು ಬಂದು, ಕಾಂಡಕ್ಕೆ ಅಂಟಿಕೊಳ್ಳಲು ಹೋಗಿ ಜಾರಿ, ಮತ್ತೆ ಹಿಡಿದುಕೊಂಡವು.

"ಮುಗೀತು ಕಣಯ್ಯ," ಎಂದಳು ಗಂಗಲಕ್ಷ್ಮಿ, "ಕೇಸು ನಡ್ಸಕ್ಕೆ ಮಕ್ಳೂ ಬಂದ್ಬುಟ್ರು. ಇನ್ನು ಈ ಮರ ನಿಂಗೆ ಸಿಕ್ಕಲ್ಲ."