ಆಕಾಶಕ್ಕೆ ಗೊತ್ತು, ಹೆಂಡತಿಗೆ ಗುಟ್ಟು

ಕಡಲಿಗೆ ಹೊರಟ ಗಂಡನನ್ನು ‘ಎಲ್ಲಿಗೆ’ ಎಂದು ನಮ್ಮ ಮೀನುಗಾರರ ಮನೆಗಳಲ್ಲಿ ಕೇಳುವುದಿಲ್ಲ, ಅಪಶಕುನ. ಈಗ ಆ ‘ಎಲ್ಲಿಗೆ’ ಎಂಬುದು ಖಾಸಗಿ ಕಂಪನಿಯ ಉಪಗ್ರಹಕ್ಕೆ ಗೊತ್ತಿರುತ್ತದೆ. ಸೇನೆಯಿಂದ ಗುತ್ತಿಗೆ ಹಿಡಿದ ಆ ಕಂಪನಿ, ದೋಣಿ ಎಲ್ಲಿದೆ ಎಂದು ಉಪಗ್ರಹಕ್ಕೆ ತಿಳಿಸುವ ಪೆಟ್ಟಿಗೆಯನ್ನು ದೋಣಿಗೊಂದರಂತೆ ಕೂರಿಸಿದೆ.

ಮೊನ್ನೆ ಹೊತ್ತಿಳಿದರೂ ನನ್ನ ಗಂಡ ಬರಲಿಲ್ಲ. ಮಗುವನ್ನು ಸೊಂಟಕ್ಕೇರಿಸಿ, ಬಂದರಿನಲ್ಲಿದ್ದ ಕಂಪನಿಯವನ ಮುಂದೆ ನಿಂತೆ.

“ಹ್ವಾಯ್, ನಮ್ ದೋಣಿ ಎಲ್ಲಿತ್ ಕಾಣಿ.”

ಅವನು ನೋಡಿ, ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡ. “ಕಾಣಿಸ್ತಿದೆ ಮೇಡಂ. ಆದ್ರೆ ಹೇಳೋ ಹಾಗಿಲ್ಲ, ಸೇನೆಯ ಗುಟ್ಟು.”

“ಗಂಡ ನಂದ್, ಗುಟ್ಟ್ ನಿಮ್ದಾ? ಬದ್ಕಿದ್ರಾ, ಅದಾರೂ ಹೇಳಿ!”

“ಪೆಟ್ಟಿಗೆ ಚಾಲೂ ಇದೆ.”

ಕಡೆಗೆ, ಇಂಜಿನ್ ಕೆಟ್ಟು ನಿಂತಿದ್ದ ದೋಣಿಯನ್ನು ಪಕ್ಕದೂರು ಬೀಜಾಡಿಯ ಮೀನುಗಾರರು ಹಗ್ಗ ಕಟ್ಟಿ ಎಳೆದು ತಂದರು. ನನ್ನಿಂದ ದೇಶಕ್ಕೇ ಅಪಾಯವಿದೆ ಎಂಬುದು ನನ್ನ ಅತ್ತೆಗೂ ಇಷ್ಟು ದಿನ ಹೊಳೆದಿರಲಿಲ್ಲ.